ಆರ್‌ಎಫ್ ಜನರೇಟರ್‌ನ ಕಂಟ್ರೋಲ್ ಕನೆಕ್ಟರ್: ಪಿನ್ ಗುರುತಿಸುವುದರಿಂದ ಪ್ಲಾಸ್ಮಾ ಹೊತ್ತಿಸುವವರೆಗೆ

ಪೀಣ್ಯದ ಕೋಟಿಂಗ್ ಘಟಕಗಳಲ್ಲಾಗಲಿ, ಕಾಲೇಜು ಲ್ಯಾಬುಗಳ ಸ್ಪಟರಿಂಗ್ (ಪ್ಲಾಸ್ಮಾದಿಂದ ತೆಳು ಲೇಪನ ಕೂರಿಸುವ) ಯಂತ್ರಗಳಲ್ಲಾಗಲಿ, ಪ್ಲಾಸ್ಮಾಗೆ ಪವರ್ ಕೊಡುವ 13.56 ಮೆಗಾಹರ್ಟ್ಜ್ ಆರ್‌ಎಫ್ (ರೇಡಿಯೋ ಆವರ್ತನ) ಜನರೇಟರ್ ಅನ್ನು ಮುಂಭಾಗದ ಗುಂಡಿಯಿಂದ ನಡೆಸುವುದು ಯಾರಿಗೂ ಕಷ್ಟವಾಗುವುದಿಲ್ಲ. ಅದರ ಹಿಂಬದಿಯ 25 ಪಿನ್ನಿನ ಡಿ ಕನೆಕ್ಟರ್‌ಗೆ ಪಿಎಲ್‌ಸಿ (ಯಂತ್ರವನ್ನು ಪ್ರೋಗ್ರಾಂ ಪ್ರಕಾರ ನಡೆಸುವ ಕಂಟ್ರೋಲರ್) ಜೋಡಿಸಲು ಹೊರಟಾಗ ತಲೆನೋವು ಶುರುವಾಗುತ್ತದೆ. 300 ವ್ಯಾಟ್ ಕೇಳಿದರೆ 270 ಬರುತ್ತದೆ, ಆರ್‌ಎಫ್ ಆನ್ ಆದ ಕೂಡಲೇ ರೀಡಿಂಗ್ ಕುಣಿಯುತ್ತದೆ, ಇಂಟರ್‌ಲಾಕ್ (ಬಾಗಿಲು ತೆರೆದರೆ, ನೀರು ನಿಂತರೆ ಆರ್‌ಎಫ್ ತಡೆಯುವ ಸುರಕ್ಷಾ ಸರಪಳಿ) ಕಾರಣವಿಲ್ಲದೆ ಬೀಳುತ್ತದೆ. ಇವುಗಳಲ್ಲಿ ಹೆಚ್ಚಿನವು ಜನರೇಟರ್‌ನ ದೋಷಗಳಲ್ಲ, ವೈರಿಂಗ್‌ನ ದೋಷಗಳು.

ಇಲ್ಲಿ ಹೇಳುವ ಕ್ರಮಕ್ಕೆಲ್ಲ ಒಂದೇ ಲೆಕ್ಕಾಚಾರ. ಪ್ರತಿ ತಂತಿ ಜೋಡಿಸುವಾಗಲೂ “ಇದು ಕಿತ್ತುಹೋದರೆ ಏನಾಗುತ್ತದೆ?” ಎಂದು ಕೇಳಿಕೊಳ್ಳಬೇಕು, ಉತ್ತರ “ಆರ್‌ಎಫ್ ನಿಲ್ಲುತ್ತದೆ” ಎಂದೇ ಬರಬೇಕು. ಬೇರೆ ಉತ್ತರ ಬಂದರೆ ಆ ತಂತಿಯ ಜೋಡಣೆ ಇನ್ನೂ ಮುಗಿದಿಲ್ಲ.

ಮೊದಲು ಜೀವದ ಮಾತು

ಕಂಟ್ರೋಲ್ ಕನೆಕ್ಟರ್‌ನಲ್ಲಿ ಇರುವುದು 24 ವೋಲ್ಟ್ ಒಳಗಿನ ಸಿಗ್ನಲ್‌ಗಳು, ಅವು ಯಾರನ್ನೂ ಕೊಲ್ಲುವುದಿಲ್ಲ. ಪಕ್ಕದಲ್ಲಿರುವ ಆರ್‌ಎಫ್ ಔಟ್‌ಪುಟ್ ಕೊಲ್ಲಬಲ್ಲದು. ಆರ್‌ಎಫ್ ಸುಟ್ಟ ಗಾಯ ಚರ್ಮದ ಮೇಲೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಆರ್‌ಎಫ್ ಆನ್ ಇರುವಾಗ ಔಟ್‌ಪುಟ್ ಕೇಬಲ್ ಬಿಚ್ಚಬೇಡಿ, ಮ್ಯಾಚ್‌ಬಾಕ್ಸ್‌ನ (ಜನರೇಟರನ್ನು ಪ್ಲಾಸ್ಮಾ ಲೋಡ್‌ಗೆ ಹೊಂದಿಸುವ, ಅಂದರೆ ‘ಮ್ಯಾಚ್’ ಮಾಡುವ ಪೆಟ್ಟಿಗೆ) ಮುಚ್ಚಳ ತೆಗೆಯಬೇಡಿ. ಜನರೇಟರ್‌ನ ಒಳಗಿನ ಡಿಸಿ ಕೆಪಾಸಿಟರ್‌ಗಳು ಮೇನ್ಸ್ ತೆಗೆದ ಮೇಲೂ ಚಾರ್ಜ್ ಹಿಡಿದಿರುತ್ತವೆ. ಈ ಕೆಲಸಕ್ಕೆ ಪೆಟ್ಟಿಗೆ ತೆರೆಯುವ ಅಗತ್ಯವೇ ಇಲ್ಲ.

ಹಳೆಯ ಆಮದು ಜನರೇಟರ್ ಆಗಿದ್ದರೆ ನೇಮ್‌ಪ್ಲೇಟ್ ಓದಿ. 208 ವೋಲ್ಟ್ ಮೂರು ಫೇಸ್ ಎಂದಿದ್ದರೆ ಬೆಸ್ಕಾಂನ 415 ವೋಲ್ಟ್‌ಗೆ ನೇರ ಜೋಡಿಸುವಂತಿಲ್ಲ, ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ಅರ್ತಿಂಗ್ ತಂತಿ ಜನರೇಟರ್, ಮ್ಯಾಚ್‌ಬಾಕ್ಸ್, ಪ್ಲಾಸ್ಮಾ ಇರುವ ವ್ಯಾಕ್ಯೂಮ್ ಚೇಂಬರ್ ಮೂರಕ್ಕೂ ಹೋಗಬೇಕು. ಚೇಂಬರ್‌ನಿಂದ ಜನರೇಟರ್ ಫ್ರೇಮಿಗೆ ಅಗಲವಾದ ತಾಮ್ರದ ಪಟ್ಟಿ ಹಾಕಿ. ಈ ಆವರ್ತನದಲ್ಲಿ ಉದ್ದನೆಯ ಹಸಿರು ತಂತಿ ಅರ್ತ್ ಆಗಿರುವುದಕ್ಕಿಂತ ಇಂಡಕ್ಟರ್ ಆಗಿರುವುದೇ ಹೆಚ್ಚು.

ಕನೆಕ್ಟರ್‌ನಲ್ಲಿ ಏನೇನು ಸಿಗುತ್ತದೆ

ಕಂಪನಿ ಯಾವುದಾದರೂ ಸಿಗ್ನಲ್‌ಗಳ ಗುಂಪುಗಳು ಹೆಚ್ಚುಕಡಿಮೆ ಒಂದೇ. ಪಿನ್ ನಂಬರ್‌ಗಳು ಮಾತ್ರ ಒಂದೇ ಅಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲಿ, ಕೆಲವೊಮ್ಮೆ ಒಂದೇ ಮಾದರಿಯ ಎರಡು ಪಾರ್ಟ್ ನಂಬರ್‌ಗಳಲ್ಲೂ ಬೇರೆ. ಆದ್ದರಿಂದ ಇಲ್ಲಿ ಪಿನ್ ನಂಬರ್ ಕೊಟ್ಟಿಲ್ಲ. ಬೇರೆಯವರ ಪಿನ್ ಪಟ್ಟಿಯನ್ನು ನಕಲು ಮಾಡಲೂ ಹೋಗಬೇಡಿ.

ಜನರೇಟರ್‌ಗೆ ಒಳಹೋಗುವ ಅನಲಾಗ್ ಸಿಗ್ನಲ್ ಮುಖ್ಯವಾಗಿ ಒಂದು: ಸೆಟ್‌ಪಾಯಿಂಟ್, ಅಂದರೆ ಎಷ್ಟು ಪವರ್ ಬೇಕು ಎನ್ನುವ 0 ರಿಂದ 10 ವೋಲ್ಟ್. ಕೆಲವು ಹಳೆಯ ಮಾದರಿಗಳಲ್ಲಿ 0 ರಿಂದ 5 ವೋಲ್ಟ್. ಹೊರಬರುವ ಅನಲಾಗ್ ಸಿಗ್ನಲ್‌ಗಳು ಎರಡು: ಫಾರ್ವರ್ಡ್ ಪವರ್ (ಲೋಡ್ ಕಡೆಗೆ ಹೋಗುವುದು) ಮಾನಿಟರ್ ಮತ್ತು ರಿಫ್ಲೆಕ್ಟೆಡ್ ಪವರ್ (ಲೋಡ್‌ನಿಂದ ಹಿಂದಿರುಗುವುದು) ಮಾನಿಟರ್. ಕೆಲವದರಲ್ಲಿ ಇವೆರಡರ ವ್ಯತ್ಯಾಸವಾದ ಲೋಡ್ ಪವರ್ ಅಥವಾ ಮ್ಯಾಚ್‌ಬಾಕ್ಸ್‌ನಿಂದ ಬರುವ ಡಿಸಿ ಬಯಾಸ್ (ಎಲೆಕ್ಟ್ರೋಡ್ ಮೇಲೆ ಕಟ್ಟುವ ಡಿಸಿ ವೋಲ್ಟೇಜ್) ಕೂಡ ಸಿಗುತ್ತದೆ.

ಡಿಜಿಟಲ್ ಒಳಸಿಗ್ನಲ್‌ಗಳಲ್ಲಿ ಆರ್‌ಎಫ್ ಆನ್, ರಿಮೋಟ್ ಆಯ್ಕೆ, ರೆಗ್ಯುಲೇಷನ್ ಮೋಡ್ (ಫಾರ್ವರ್ಡ್ ಪವರ್ ಹಿಡಿಯಬೇಕೋ ಲೋಡ್ ಪವರ್ ಹಿಡಿಯಬೇಕೋ) ಆಯ್ಕೆ ಮತ್ತು ಫಾಲ್ಟ್ ರೀಸೆಟ್ ಇರುತ್ತವೆ. ಹೊರಸಿಗ್ನಲ್‌ಗಳಲ್ಲಿ ಆರ್‌ಎಫ್ ಇದೆ, ಸೆಟ್‌ಪಾಯಿಂಟ್ ತಲುಪಿದೆ, ಅತಿಯಾದ ಬಿಸಿ, ಫಾಲ್ಟ್ ಎಂಬ ಸ್ಥಿತಿಗಳು. ಇವೆಲ್ಲದರಿಂದ ಪ್ರತ್ಯೇಕವಾಗಿ ಇಂಟರ್‌ಲಾಕ್‌ಗೆಂದು ಎರಡು ಪಿನ್. ಜೊತೆಗೆ ಜನರೇಟರೇ ಕೊಡುವ 15 ಅಥವಾ 24 ವೋಲ್ಟ್ ಸಪ್ಲೈ ಮತ್ತು ಸಿಗ್ನಲ್‌ನ ಕರೆಂಟ್ ವಾಪಸ್ ಹೋಗುವ ಹಲವು ರಿಟರ್ನ್ ಪಿನ್‌ಗಳು. ರಿಟರ್ನ್‌ಗಳೆಲ್ಲ ಒಂದೇ ಗ್ರೌಂಡ್ ಎಂದು ತಿಳಿದು ಗಂಟು ಹಾಕುವುದೇ ಮುಂದಿನ ಅರ್ಧ ತೊಂದರೆಗಳ ಮೂಲ.

ಪಲ್ಸ್ ಇನ್‌ಪುಟ್ ಮತ್ತು ಎರಡು ಜನರೇಟರ್‌ಗಳನ್ನು ಒಂದೇ ತಾಳಕ್ಕೆ ಓಡಿಸುವ ಕಾಮನ್ ಎಕ್ಸೈಟರ್ ಸಾಮಾನ್ಯವಾಗಿ ಪ್ರತ್ಯೇಕ ಬಿಎನ್‌ಸಿ ಕನೆಕ್ಟರ್‌ಗಳಲ್ಲಿ ಇರುತ್ತವೆ. ಒಂದೇ ಚೇಂಬರ್‌ಗೆ ಎರಡು ಜನರೇಟರ್ ಇದ್ದು ಎಕ್ಸೈಟರ್ ಜೋಡಿಸದಿದ್ದರೆ, ಎರಡರ ಕ್ರಿಸ್ಟಲ್‌ಗಳ ನಡುವಿನ ಸಣ್ಣ ಆವರ್ತನ ವ್ಯತ್ಯಾಸ ರಿಫ್ಲೆಕ್ಟೆಡ್ ಪವರ್ ಮಾನಿಟರ್‌ನಲ್ಲಿ ಏರಿಳಿತವಾಗಿ ಕಾಣುತ್ತದೆ. ಆ ಏರಿಳಿತ ಕಂಡರೆ ಕೇಬಲ್ ಶೀಲ್ಡ್ ಮೇಲೆ ಅನುಮಾನ ಪಡುವ ಮೊದಲು ಎಕ್ಸೈಟರ್ ಕೇಬಲ್ ನೋಡಿ.

ಸಾಮಾನು

ಇವೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಂದೇ ಸುತ್ತಿನಲ್ಲಿ ಸಿಗುವಂಥವು. 25 ಪಿನ್ನಿನ ಡಿ ಕನೆಕ್ಟರ್ ಮೂರು: ಒಂದು ಕೇಬಲ್‌ಗೆ, ಎರಡು ಬ್ರೇಕ್‌ಔಟ್ ಪೆಟ್ಟಿಗೆಗೆ (ಪ್ರತಿ ಪಿನ್ನನ್ನೂ ಅಳೆಯಲು ಹೊರತರುವ ಪೆಟ್ಟಿಗೆ). ಜನರೇಟರ್‌ನಲ್ಲಿರುವುದು ಗಂಡೋ ಹೆಣ್ಣೋ ನೋಡಿಕೊಂಡು ಹೋಗಿ. ಕನೆಕ್ಟರ್‌ನ ಹಿಂಭಾಗದ ಕವಚ ಲೋಹದ್ದೇ ಆಗಿರಬೇಕು. ಪ್ಲಾಸ್ಟಿಕ್‌ಗೆ ಬೆಳ್ಳಿ ಬಣ್ಣ ಬಳಿದದ್ದೂ ಅಂಗಡಿಯಲ್ಲಿ ಇರುತ್ತದೆ, ಮೀಟರ್‌ನಲ್ಲಿ ಕಂಟಿನ್ಯುಯಿಟಿ ನೋಡಿಯೇ ಕೊಳ್ಳಿ. ಸ್ಕ್ರೂಗಳು ಸಾಮಾನ್ಯವಾಗಿ 4-40 ಯುಎನ್‌ಸಿ ಗಾತ್ರದವು. ನೋಡಲು ಎಂ3 ತರಹವೇ ಇದ್ದರೂ ಎಂ3 ಒತ್ತಿ ತಿರುಗಿಸಿದರೆ ಜನರೇಟರ್ ಕಡೆಯ ನಟ್ಟಿನ ಮರೆ ಹಾಳಾಗುತ್ತದೆ.

ಕೇಬಲ್: ಜೋಡಿಜೋಡಿಯಾಗಿ ತಿರುಚಿದ, ಫಾಯಿಲ್ ಮತ್ತು ಹೆಣೆದ ಶೀಲ್ಡ್ ಎರಡೂ ಇರುವ 8 ಜೋಡಿಯ 24 ಎಡಬ್ಲ್ಯೂಜಿ (ತಂತಿಯ ದಪ್ಪದ ಅಳತೆ). ಉದ್ದ 5 ಮೀಟರ್ ಒಳಗಿರಲಿ. ಇವುಗಳ ಜೊತೆಗೆ 10 ಕಿಲೋಓಮ್ ಮತ್ತು 100 ಓಮ್ ರೆಸಿಸ್ಟರ್‌ಗಳು, 1 ಮೈಕ್ರೋಫ್ಯಾರಡ್ ಮತ್ತು 10 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್‌ಗಳು, ಚಿನ್ನ ಲೇಪಿತ ಕಾಂಟ್ಯಾಕ್ಟ್ ಇರುವ 24 ವೋಲ್ಟ್ ರಿಲೇ ಎರಡು, ಕೇಬಲ್ ಮೂರು ಸುತ್ತು ಹಿಡಿಯುವಷ್ಟು ದೊಡ್ಡ ತೂತಿನ ಫೆರೈಟ್ ಕ್ಲಾಂಪ್ ಎರಡು. ಫೆರೈಟ್‌ನಲ್ಲಿ 31 ನಂಬರಿನ ಮಿಶ್ರಣ ಕೇಳಿ, 13.56 ಮೆಗಾಹರ್ಟ್ಜ್‌ಗೆ ಅದು 43ಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಕ್ಲಾಂಪ್‌ನಲ್ಲಿ ಮೂರು ಸುತ್ತು ಹಾಕಿದರೆ ತಡೆ ಸುಮಾರು ಒಂಬತ್ತು ಪಟ್ಟು ಆಗುತ್ತದೆ, ಮೂರು ಕ್ಲಾಂಪ್ ಸಾಲಾಗಿ ಹಾಕಿದರೆ ಮೂರೇ ಪಟ್ಟು.

ಪರೀಕ್ಷೆಗೆ 50 ಓಮ್ ಡಮ್ಮಿ ಲೋಡ್ (ಪ್ಲಾಸ್ಮಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಮತ್ತು ಇನ್‌ಲೈನ್ ವ್ಯಾಟ್‌ಮೀಟರ್ ಬೇಕು. ಇವು ಎಸ್.ಪಿ. ರೋಡಿನಲ್ಲಿ ಸಿಗುವುದಿಲ್ಲ, ಬಾಡಿಗೆಗೋ ಕಡವಾಗಿಯೋ ತನ್ನಿ, ಇವಿಲ್ಲದೆ ನೇರ ಪ್ಲಾಸ್ಮಾಗೆ ಹೋಗಬೇಡಿ. ಪ್ಲಾಸ್ಮಾ ಒಂದು ಸ್ಥಿರ ಲೋಡ್ ಅಲ್ಲ. ಅದರ ಮೇಲೆ ಕ್ಯಾಲಿಬ್ರೇಷನ್ ಮಾಡಿದರೆ ತಪ್ಪು ವೈರಿಂಗ್‌ನದೋ ಮ್ಯಾಚಿಂಗ್‌ನದೋ ತಿಳಿಯುವುದಿಲ್ಲ.

ಹಂತ 1: ಪಿನ್ ಪಟ್ಟಿ

ನೇಮ್‌ಪ್ಲೇಟಿನ ಪೂರ್ತಿ ಪಾರ್ಟ್ ನಂಬರ್‌ಗೆ ಸರಿಹೊಂದುವ ಮ್ಯಾನ್ಯುಯಲ್ ಹಿಡಿದು, ಪ್ರತಿ ಪಿನ್‌ಗೂ ಐದು ವಿಷಯ ಬರೆಯಿರಿ: ಹೆಸರು, ಒಳಗೋ ಹೊರಗೋ, ವೋಲ್ಟೇಜ್, ಅದರ ರಿಟರ್ನ್ ಪಿನ್ ಯಾವುದು, ತಂತಿ ಕಿತ್ತರೆ ಏನಾಗುತ್ತದೆ. ನಾಲ್ಕನೆಯ ಕಾಲಮ್ ಖಾಲಿ ಬಿಟ್ಟವರು ಆಮೇಲೆ ಎರಡು ದಿನ ಮಲ್ಟಿಮೀಟರ್ ಹಿಡಿದು ಕೂರುತ್ತಾರೆ.

ನಂತರ ಬ್ರೇಕ್‌ಔಟ್ ಪೆಟ್ಟಿಗೆ ಮಾಡಿ: ಎರಡು ಕನೆಕ್ಟರ್‌ಗಳ ನಡುವೆ 25 ತಂತಿಗಳು ನೇರವಾಗಿ ಹಾದು, ಪ್ರತಿಯೊಂದೂ ಒಂದು ಟರ್ಮಿನಲ್‌ಗೆ ಬರಬೇಕು. ಇಲ್ಲಿ ಪಿನ್ ನಂಬರ್ ತಿರುಗುಮುರುಗಾಗುವುದು ದಿನನಿತ್ಯದ ತಪ್ಪು. ಗಂಡು ಕನೆಕ್ಟರ್‌ನ ಪಿನ್‌ಗಳನ್ನು ಎದುರಿನಿಂದ ನೋಡಿ, 13 ಪಿನ್ನಿನ ಸಾಲು ಮೇಲಿಟ್ಟರೆ 1 ಎಡತುದಿಯಲ್ಲಿ, 14 ಕೆಳಸಾಲಿನ ಎಡತುದಿಯಲ್ಲಿ. ಬೆಸುಗೆ ಹಾಕುವ ಹಿಂಬದಿಯಿಂದ ನೋಡಿದರೆ 1 ಬಲತುದಿಗೆ ಬರುತ್ತದೆ. ಹೆಣ್ಣು ಕನೆಕ್ಟರ್‌ಗೆ ಇದೆಲ್ಲ ಕನ್ನಡಿಯಂತೆ ಉಲ್ಟಾ. ಕನೆಕ್ಟರ್‌ನ ಪ್ಲಾಸ್ಟಿಕ್ ಮೇಲೆಯೇ ಸಣ್ಣ ಅಂಕಿಗಳು ಕೆತ್ತಿರುತ್ತವೆ, ಟಾರ್ಚ್ ಹಿಡಿದು ಅವನ್ನೇ ಓದಿ. ಫ್ಲಾಟ್ ರಿಬ್ಬನ್ ಕೇಬಲ್ ಒತ್ತುವ ಕನೆಕ್ಟರ್ ಬಳಸಿದರೆ ತಂತಿಗಳ ಕ್ರಮ 1, 14, 2, 15, 3 ಎಂದು ಹೋಗುತ್ತದೆ, 1, 2, 3 ಎಂದಲ್ಲ.

ಬೆಸುಗೆ ಮುಗಿದ ಮೇಲೆ ಎರಡು ಪರೀಕ್ಷೆ: ಪ್ರತಿ ಪಿನ್ ತನ್ನ ಟರ್ಮಿನಲ್‌ಗೆ ಮುಟ್ಟುತ್ತದೆಯೇ, ಅಕ್ಕಪಕ್ಕದ ಪಿನ್‌ಗೆ ಮುಟ್ಟುವುದಿಲ್ಲವೇ. ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಜನರೇಟರ್‌ನ 24 ವೋಲ್ಟ್ ಪಿನ್‌ನಿಂದ ಒಂದು ಎಳೆ ಪಕ್ಕದ 5 ವೋಲ್ಟ್ ಇನ್‌ಪುಟ್‌ಗೆ ತಾಗಿದರೆ ಆ ಇನ್‌ಪುಟ್ ಹೋಯಿತೆಂದೇ ಲೆಕ್ಕ.

ಹಂತ 2: ಇಂಟರ್‌ಲಾಕ್

ಇಂಟರ್‌ಲಾಕ್‌ನ ಎರಡು ಪಿನ್‌ಗಳ ನಡುವೆ ಸರ್ಕ್ಯೂಟ್ ಮುಚ್ಚಿದ್ದರೆ ಮಾತ್ರ ಆರ್‌ಎಫ್ ಬರುತ್ತದೆ. ಪರೀಕ್ಷೆಗೆಂದು ಕೆಲವರು ಇಲ್ಲಿ ತುಂಡು ತಂತಿ ಬೆಸೆಯುತ್ತಾರೆ, ಆ ತಂತಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಬೇಕಿದ್ದರೆ ಬ್ರೇಕ್‌ಔಟ್ ಪೆಟ್ಟಿಗೆಯಲ್ಲಿ ಕೆಂಪು ಜಂಪರ್ ಹಾಕಿ. ಅಂತಿಮ ಕೇಬಲ್‌ನಲ್ಲಿ ಬೇಡವೇ ಬೇಡ.

ಸರಪಳಿಯಲ್ಲಿ ಸಾಲಾಗಿ ಬರಬೇಕಾದವು: ಚೇಂಬರ್ ಬಾಗಿಲಿನ ಸ್ವಿಚ್, ಮ್ಯಾಚ್‌ಬಾಕ್ಸ್ ಮುಚ್ಚಳದ ಸ್ವಿಚ್, ನೀರಿನ ಫ್ಲೋ ಸ್ವಿಚ್, ವ್ಯಾಕ್ಯೂಮ್ ಸ್ವಿಚ್, ಎಮರ್ಜೆನ್ಸಿ ಬಟನ್‌ನ ಒಂದು ಕಾಂಟ್ಯಾಕ್ಟ್. ಎಲ್ಲವೂ ತಂತಿಯಲ್ಲೇ ಸಾಲಾಗಬೇಕು. ಬಾಗಿಲಿನ ಸ್ವಿಚ್ಚನ್ನು ಪಿಎಲ್‌ಸಿ ಓದಿ, ಪಿಎಲ್‌ಸಿ ಒಂದು ಔಟ್‌ಪುಟ್‌ನಿಂದ ಇಂಟರ್‌ಲಾಕ್ ಮುಚ್ಚುವ ವಿನ್ಯಾಸ ಒಪ್ಪತಕ್ಕದ್ದಲ್ಲ: ಆ ಔಟ್‌ಪುಟ್ ರಿಲೇ ಅಂಟಿಕೊಂಡರೆ ಬಾಗಿಲು ತೆರೆದರೂ ಆರ್‌ಎಫ್ ಓಡುತ್ತಿರುತ್ತದೆ. ಪಿಎಲ್‌ಸಿಗೆ ಸ್ಥಿತಿ ಗೊತ್ತಾಗಬೇಕಿದ್ದರೆ ಸ್ವಿಚ್‌ಗಳ ಎರಡನೆಯ ಕಾಂಟ್ಯಾಕ್ಟ್ ಬಳಸಿ.

ಜೋಡಿಸುವ ಮುನ್ನ ಜನರೇಟರ್‌ನ ಕಂಟ್ರೋಲ್ ಪವರ್ ಕೊಟ್ಟು, ತೆರೆದ ಎರಡು ಪಿನ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಆಮೇಲೆ ಮೀಟರನ್ನು ಮಿಲಿಆಂಪಿಯರ್‌ಗೆ ಹಾಕಿ ಅವೇ ಪಿನ್‌ಗಳ ನಡುವೆ ಹರಿಯುವ ಕರೆಂಟ್ ಅಳೆಯಿರಿ. ಕೆಲವೇ ಮಿಲಿಆಂಪಿಯರ್ ಇದ್ದರೆ ಸಾಮಾನ್ಯ ರಿಲೇ ಅಲ್ಲಿ ನಡೆಯುವುದಿಲ್ಲ. 10 ಆಂಪಿಯರ್ ರಿಲೇಗಳ ಡೇಟಾಶೀಟಿನಲ್ಲಿ ಕನಿಷ್ಠ ಲೋಡ್ 5 ವೋಲ್ಟ್‌ಗೆ 100 ಮಿಲಿಆಂಪಿಯರ್ ಎಂಬಂಥ ಸಾಲು ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ಅಷ್ಟು ಕರೆಂಟ್ ಹರಿಯದಿದ್ದರೆ ಬೆಳ್ಳಿ ಕಾಂಟ್ಯಾಕ್ಟ್ ಮೇಲಿನ ಆಕ್ಸೈಡ್ ಪದರ ಸುಟ್ಟುಹೋಗದೆ ಉಳಿಯುತ್ತದೆ. ಮೊದಲ ಕೆಲವು ತಿಂಗಳು ಎಲ್ಲ ಸರಿ. ಆಮೇಲೆ ಯಾರೋ ಪ್ಯಾನೆಲ್ ಬಾಗಿಲು ಹಾಕಿದ ಅದುರಿಗೆ ಇಂಟರ್‌ಲಾಕ್ ಬೀಳುತ್ತದೆ, ನೋಡಲು ಹೋದರೆ ಸರಿಯಾಗಿರುತ್ತದೆ. ಚಿನ್ನದ ಕಾಂಟ್ಯಾಕ್ಟ್ ಹೇಳಿದ್ದು ಇದಕ್ಕೇ.

ಇಂಟರ್‌ಲಾಕ್ ದಿನದ ಆನ್-ಆಫ್ ಸ್ವಿಚ್ ಅಲ್ಲ. ಪೂರ್ತಿ ಪವರ್ ಓಡುವಾಗ ಅದನ್ನು ಪದೇ ಪದೇ ಬೀಳಿಸಬೇಡಿ. ನಿಲ್ಲಿಸಲು ಆರ್‌ಎಫ್ ಆನ್ ಸಿಗ್ನಲ್ ತೆಗೆಯಿರಿ. ಹಾಗೆಯೇ ಇಂಟರ್‌ಲಾಕ್ ತೆರೆದರೆ ಮೇನ್ಸ್ ಹೋಗುವುದಿಲ್ಲ ಎನ್ನುವುದು ಗೊತ್ತಿರಲಿ. ಎಮರ್ಜೆನ್ಸಿ ಬಟನ್‌ನ ಇನ್ನೊಂದು ಕಾಂಟ್ಯಾಕ್ಟ್ ಮೇನ್ಸ್ ಕಾಂಟ್ಯಾಕ್ಟರ್ ಅನ್ನು ಬೀಳಿಸಬೇಕು.

ಹಂತ 3: ಆರ್‌ಎಫ್ ಆನ್ ಮತ್ತು ಉಳಿದ ಡಿಜಿಟಲ್ ಸಿಗ್ನಲ್‌ಗಳು

ಮ್ಯಾನ್ಯುಯಲ್‌ನಲ್ಲಿ ಮೂರು ಪ್ರಶ್ನೆಗೆ ಉತ್ತರ ಹುಡುಕಿ. ಆರ್‌ಎಫ್ ಆನ್ ಇನ್‌ಪುಟ್‌ಗೆ ವೋಲ್ಟೇಜ್ ಕೊಡಬೇಕೇ, ಅಥವಾ ಅದನ್ನು ರಿಟರ್ನ್‌ಗೆ ಶಾರ್ಟ್ ಮಾಡಬೇಕೇ? ಕೊಡಬೇಕಿದ್ದರೆ 5 ವೋಲ್ಟೇ, 15 ವೋಲ್ಟೇ, 24 ವೋಲ್ಟೇ? ಸಿಗ್ನಲ್‌ನ ಮಟ್ಟ ಉದ್ದಕ್ಕೂ ಹಿಡಿದಿರಬೇಕೇ, ಒಂದು ಕ್ಷಣದ ಪಲ್ಸ್ ಸಾಕೇ? ಆಯ್ಕೆ ಇದ್ದರೆ ಮಟ್ಟ ಹಿಡಿದಿರುವ ಮೋಡ್ ತೆಗೆದುಕೊಳ್ಳಿ. ಪಲ್ಸ್ ಮೋಡ್‌ನಲ್ಲಿ ಆನ್ ಮಾಡಿದ ಮೇಲೆ ಕೇಬಲ್ ಕಿತ್ತರೆ ಆರ್‌ಎಫ್ ನಿಲ್ಲಿಸುವ ದಾರಿಯೇ ಇರುವುದಿಲ್ಲ, ಇಂಟರ್‌ಲಾಕ್ ಕೂಡ ಅದೇ ಕೇಬಲ್‌ನಲ್ಲಿದ್ದರೆ ಮಾತ್ರ ಬಚಾವ್.

ಪಿಎಲ್‌ಸಿಯ 24 ವೋಲ್ಟ್ ಟ್ರಾನ್ಸಿಸ್ಟರ್ ಔಟ್‌ಪುಟ್ಟನ್ನು ನೇರವಾಗಿ ಜನರೇಟರ್‌ಗೆ ಒಯ್ಯುವ ಬದಲು ನಡುವೆ ರಿಲೇ ಇಡುವುದು ಒಳ್ಳೆಯದು. ಎರಡು ಸಪ್ಲೈಗಳ ಗ್ರೌಂಡ್ ಬೆರೆಯುವುದಿಲ್ಲ, ವೋಲ್ಟೇಜ್ ಮಟ್ಟದ ಗೊಂದಲವೂ ಇಲ್ಲ. ರಿಲೇ ಕಾಯಿಲ್‌ಗೆ ಡಯೋಡ್ ಹಾಕಲು ಮರೆಯಬೇಡಿ.

ಸ್ಥಿತಿ ಔಟ್‌ಪುಟ್‌ಗಳು ಹಲವು ಜನರೇಟರ್‌ಗಳಲ್ಲಿ ಓಪನ್ ಕಲೆಕ್ಟರ್. ಅವು ತಾವಾಗಿ ವೋಲ್ಟೇಜ್ ಕೊಡುವುದಿಲ್ಲ, ಬರೀ ರಿಟರ್ನ್‌ಗೆ ಎಳೆಯುತ್ತವೆ. ಪುಲ್-ಅಪ್ (ಸಪ್ಲೈ ಕಡೆಗೆ ಎಳೆದು ಹಿಡಿಯುವ ರೆಸಿಸ್ಟರ್) ಇಲ್ಲದೆ ಮೀಟರ್ ಇಟ್ಟು “ಔಟ್‌ಪುಟ್ ಸತ್ತಿದೆ” ಎಂದು ಜನರೇಟರ್ ವಾಪಸ್ ಕಳಿಸಿದ ಉದಾಹರಣೆಗಳೂ ಇವೆ. ಪಿಎಲ್‌ಸಿ ಇನ್‌ಪುಟ್ ಕಾರ್ಡ್‌ನ ಕಾಮನ್ ಅನ್ನು 24 ವೋಲ್ಟ್‌ಗೆ ಜೋಡಿಸಬಹುದಾದರೆ ಇದು ನೇರ ಕೂರುತ್ತದೆ, ಇಲ್ಲದಿದ್ದರೆ ರಿಲೇ.

ಕರೆಂಟ್ ಹೋಗಿ ಬರುವ ನಮ್ಮ ಊರಿನಲ್ಲಿ ಇನ್ನೊಂದು ಬಲೆ ಇದೆ. ಪಿಎಲ್‌ಸಿ ಯುಪಿಎಸ್ ಮೇಲಿರುತ್ತದೆ, ಜನರೇಟರ್ ಇರುವುದಿಲ್ಲ. ಕರೆಂಟ್ ಹೋದಾಗ ಪಿಎಲ್‌ಸಿ ಆರ್‌ಎಫ್ ಆನ್ ಸಿಗ್ನಲ್ ಮತ್ತು 6 ವೋಲ್ಟ್ ಸೆಟ್‌ಪಾಯಿಂಟ್ ಎರಡನ್ನೂ ಹಿಡಿದೇ ಕೂತಿರುತ್ತದೆ. ಕರೆಂಟ್ ಬಂದ ಕೂಡಲೇ ಕೆಲವು ಜನರೇಟರ್‌ಗಳು ಬೂಟ್ ಆಗಿ, ಆ ಸಿಗ್ನಲ್ ಕಂಡು, ಪವರ್ ಕೊಟ್ಟೇಬಿಡುತ್ತವೆ. ಅಷ್ಟರಲ್ಲಿ ಪಂಪ್ ನಿಂತು ಚೇಂಬರ್ ಒತ್ತಡ ಏರಿರುತ್ತದೆ, ಮ್ಯಾಚ್ ಎಲ್ಲೋ ಇರುತ್ತದೆ. ಪರಿಹಾರ: ಜನರೇಟರ್‌ನ ಮೇನ್ಸ್‌ಗೆ ತನ್ನನ್ನು ತಾನೇ ಹಿಡಿದುಕೊಳ್ಳುವ ಕಾಂಟ್ಯಾಕ್ಟರ್ ಹಾಕಿ, ಕರೆಂಟ್ ಹೋದರೆ ಅದು ಬೀಳಬೇಕು, ಮತ್ತೆ ಯಾರಾದರೂ ಬಟನ್ ಒತ್ತಿದರೆ ಮಾತ್ರ ಹಿಡಿಯಬೇಕು. ಅದರ ಸಹಾಯಕ ಕಾಂಟ್ಯಾಕ್ಟ್ ಪಿಎಲ್‌ಸಿಗೆ ಹೋಗಲಿ. ಅದು ತೆರೆದ ಕೂಡಲೇ ಪ್ರೋಗ್ರಾಂ ಆರ್‌ಎಫ್ ಆನ್ ತೆಗೆದು ಸೆಟ್‌ಪಾಯಿಂಟ್ ಸೊನ್ನೆ ಮಾಡಲಿ.

ಹಂತ 4: ಸೆಟ್‌ಪಾಯಿಂಟ್

ಲೆಕ್ಕ ಸರಳ. 1200 ವ್ಯಾಟ್ ಜನರೇಟರ್, ಪೂರ್ಣ ಅಳತೆ 10 ವೋಲ್ಟ್ ಎಂದಿಟ್ಟುಕೊಳ್ಳಿ: ಒಂದು ವೋಲ್ಟ್‌ಗೆ 120 ವ್ಯಾಟ್. 300 ವ್ಯಾಟ್ ಬೇಕಿದ್ದರೆ 2.5 ವೋಲ್ಟ್. ಸೀಮೆನ್ಸ್ ಎಸ್7 ಪಿಎಲ್‌ಸಿಗಳಲ್ಲಿ 10 ವೋಲ್ಟ್‌ಗೆ 27648 ಎಂಬ ಸಂಖ್ಯೆ, ಆದ್ದರಿಂದ 2.5 ವೋಲ್ಟ್‌ಗೆ 6912. ಆದರೆ ಪೂರ್ಣ ಅಳತೆ ಎಂದರೆ ನೇಮ್‌ಪ್ಲೇಟಿನ ಪವರ್ ಎಂದೇ ಅಲ್ಲ, ಮ್ಯಾನ್ಯುಯಲ್‌ನಲ್ಲಿ 10 ವೋಲ್ಟ್ ಎದುರು ಎಷ್ಟು ವ್ಯಾಟ್ ಬರೆದಿದೆ ನೋಡಿ.

ಸಣ್ಣ ವೋಲ್ಟೇಜ್ ತಪ್ಪು ಇಲ್ಲಿ ಎಷ್ಟು ದೊಡ್ಡದಾಗುತ್ತದೆ ಎನ್ನುವುದಕ್ಕೆ ರಿಟರ್ನ್ ತಂತಿಯೇ ಸಾಕ್ಷಿ. 24 ಎಡಬ್ಲ್ಯೂಜಿ ತಂತಿಯ ರೆಸಿಸ್ಟೆನ್ಸ್ ಮೀಟರ್‌ಗೆ ಸುಮಾರು 0.084 ಓಮ್, 5 ಮೀಟರ್‌ಗೆ 0.42 ಓಮ್. ಸೆಟ್‌ಪಾಯಿಂಟ್‌ನ ರಿಟರ್ನ್ ತಂತಿಯಲ್ಲೇ ಒಂದು ರಿಲೇ ಮತ್ತು ಸೂಚಕ ದೀಪದ 100 ಮಿಲಿಆಂಪಿಯರ್ ಕೂಡ ವಾಪಸ್ ಹೋಗುತ್ತಿದ್ದರೆ ಅದರ ಮೇಲೆ 42 ಮಿಲಿವೋಲ್ಟ್ ಬೀಳುತ್ತದೆ, ಅಂದರೆ 5 ವ್ಯಾಟ್. 600 ವ್ಯಾಟ್‌ನಲ್ಲಿ ಇದು ಕಾಣುವುದಿಲ್ಲ. 20 ವ್ಯಾಟ್‌ನ ಸೂಕ್ಷ್ಮ ಎಚ್ಚಿಂಗ್‌ನಲ್ಲಿ (ಪ್ಲಾಸ್ಮಾದಿಂದ ಪದರ ಕೊರೆಯುವ ಕೆಲಸ) ಇದು ಕಾಲುಭಾಗ ತಪ್ಪು. ಮೇಲಾಗಿ ದೀಪ ಹೊತ್ತಿದಾಗ ಒಂದು ಪವರ್, ಆರಿದಾಗ ಇನ್ನೊಂದು. ಆದ್ದರಿಂದ ಸೆಟ್‌ಪಾಯಿಂಟ್‌ಗೆ ತನ್ನದೇ ತಿರುಚಿದ ಜೋಡಿ, ತನ್ನದೇ ಅನಲಾಗ್ ರಿಟರ್ನ್ ಪಿನ್. ಡಿಜಿಟಲ್ ರಿಟರ್ನ್ ಬೇರೆ ಜೋಡಿಯಲ್ಲಿ.

ಜನರೇಟರ್ ತುದಿಯಲ್ಲಿ ಒಂದು ಸಣ್ಣ ಬೋರ್ಡ್ ಮಾಡಿ. ಕೇಬಲ್ ಬರುವ ಕಡೆ ಸಿಗ್ನಲ್‌ನಿಂದ ರಿಟರ್ನ್‌ಗೆ 10 ಕಿಲೋಓಮ್: ಕೇಬಲ್ ಕಿತ್ತರೆ ಇನ್‌ಪುಟ್ ತೇಲದೆ ಸೊನ್ನೆಗೆ ಬರುತ್ತದೆ. ಅದರ ಮುಂದೆ ಸಾಲಿನಲ್ಲಿ 100 ಓಮ್, ನಂತರ ಪಿನ್‌ನ ಪಕ್ಕದಲ್ಲೇ ರಿಟರ್ನ್‌ಗೆ 1 ಮೈಕ್ರೋಫ್ಯಾರಡ್ ಮತ್ತು ಜೊತೆಗೆ 10 ನ್ಯಾನೋಫ್ಯಾರಡ್. ಈ ಫಿಲ್ಟರ್ ಸುಮಾರು 1.6 ಕಿಲೋಹರ್ಟ್ಜ್ ಮೇಲಿನದನ್ನು ತಡೆಯುತ್ತದೆ. 10 ನ್ಯಾನೋಫ್ಯಾರಡ್ ಯಾಕೆಂದರೆ ದೊಡ್ಡ ಕೆಪಾಸಿಟರ್ 13.56 ಮೆಗಾಹರ್ಟ್ಜ್ ಹೊತ್ತಿಗೆ ತನ್ನ ಕಾಲುಗಳ ಇಂಡಕ್ಟೆನ್ಸ್‌ನಿಂದಾಗಿ ಪೂರ್ತಿ ಕೆಪಾಸಿಟರ್ ಆಗಿ ಉಳಿದಿರುವುದಿಲ್ಲ. ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ.

100 ಓಮ್ ಬದಲು 1 ಕಿಲೋಓಮ್ ಹಾಕಿದರೆ ಫಿಲ್ಟರ್ ಇನ್ನೂ ಬಿಗಿಯಾಗುತ್ತದಲ್ಲ ಎಂದು ಅನ್ನಿಸುವುದು ಸಹಜ. ಹಾಕಬೇಡಿ. ಜನರೇಟರ್‌ನ ಇನ್‌ಪುಟ್ ರೆಸಿಸ್ಟೆನ್ಸ್ 10 ಕಿಲೋಓಮ್ ಇದ್ದರೆ 10 ವೋಲ್ಟ್ ಅಲ್ಲಿಗೆ ತಲುಪುವಾಗ 9.09 ಆಗಿರುತ್ತದೆ, 1200 ವ್ಯಾಟ್ ಹೋಗಿ 1091 ಆಗುತ್ತದೆ. ಆರಂಭದಲ್ಲಿ ಹೇಳಿದ 300ಕ್ಕೆ 270ರ ಜಾತಿಯ ತೊಂದರೆ ಹೆಚ್ಚಾಗಿ ಇದೇ. 100 ಓಮ್‌ನಲ್ಲಿ ನಷ್ಟ ಶೇಕಡಾ 1 ಮಾತ್ರ, ಅದನ್ನು ಪ್ರೋಗ್ರಾಂನಲ್ಲಿ ಸರಿಪಡಿಸಬಹುದು.

ಇನ್ನು ಅನುಕ್ರಮ. ಸೆಟ್‌ಪಾಯಿಂಟ್ ಕಡಿಮೆ ಇಟ್ಟು ಆರ್‌ಎಫ್ ಆನ್ ಕೊಡಿ, ಆಮೇಲೆ ಕೆಲವು ಸೆಕೆಂಡಿನಲ್ಲಿ ಬೇಕಾದ ಮಟ್ಟಕ್ಕೆ ಏರಿಸಿ. ಒಂದೇ ಏಟಿಗೆ 8 ವೋಲ್ಟ್ ಕೊಟ್ಟರೆ ಪ್ಲಾಸ್ಮಾ ಹೊತ್ತುವ ಮುನ್ನ ಬಹುಪಾಲು ಪವರ್ ಹಿಂದಿರುಗುತ್ತದೆ, ಜನರೇಟರ್ ತನ್ನನ್ನು ಉಳಿಸಿಕೊಳ್ಳಲು ಪವರ್ ಇಳಿಸುತ್ತದೆ ಅಥವಾ ಬೀಳುತ್ತದೆ. ನಿಲ್ಲಿಸುವಾಗ ಮೊದಲು ಆರ್‌ಎಫ್ ಆನ್ ತೆಗೆಯಿರಿ, ಆಮೇಲೆ ಸೆಟ್‌ಪಾಯಿಂಟ್ ಸೊನ್ನೆ ಮಾಡಿ.

ರೆಗ್ಯುಲೇಷನ್ ಮೋಡ್ ಕೂಡ ಈ ಹಂತದಲ್ಲೇ ತೀರ್ಮಾನವಾಗಬೇಕು. ಫಾರ್ವರ್ಡ್ ಮೋಡ್‌ನಲ್ಲಿ 600 ಕೇಳಿ, 40 ಹಿಂದಿರುಗಿದರೆ ಲೋಡ್‌ಗೆ ಹೋಗುವುದು 560. ಲೋಡ್ ಮೋಡ್‌ನಲ್ಲಿ ಜನರೇಟರ್ ಸುಮಾರು 640 ಕೊಟ್ಟು 600 ತಲುಪಿಸಲು ನೋಡುತ್ತದೆ. ಮ್ಯಾಚಿಂಗ್ ಹೊಂದಿಸುತ್ತಿರುವ ದಿನಗಳಲ್ಲಿ ಫಾರ್ವರ್ಡ್ ಮೋಡ್ ಇರಲಿ. ಕೆಟ್ಟ ಮ್ಯಾಚನ್ನು ಲೋಡ್ ಮೋಡ್ ಮುಚ್ಚಿಹಾಕುತ್ತದೆ.

ಹಂತ 5: ಮಾನಿಟರ್‌ಗಳು

ಫಾರ್ವರ್ಡ್‌ನ ಅಳತೆಯೇ ರಿಫ್ಲೆಕ್ಟೆಡ್‌ಗೂ ಅನ್ವಯಿಸುತ್ತದೆ ಎಂದು ನಂಬಬೇಡಿ. ಕೆಲವು ಜನರೇಟರ್‌ಗಳಲ್ಲಿ ರಿಫ್ಲೆಕ್ಟೆಡ್‌ನ ಪೂರ್ಣ ಅಳತೆ ಕಡಿಮೆ ವ್ಯಾಟ್‌ಗೆ ಇಟ್ಟಿರುತ್ತಾರೆ. ಮ್ಯಾನ್ಯುಯಲ್ ನೋಡದೆ ಪ್ರೋಗ್ರಾಂ ಬರೆದರೆ 20 ವ್ಯಾಟ್ ಹಿಂದಿರುಗಿದ್ದು 100 ಎಂದು ಕಂಡು ಯಂತ್ರ ಸುಮ್ಮನೆ ನಿಲ್ಲುತ್ತದೆ.

ಪಿಎಲ್‌ಸಿಯ ಅನಲಾಗ್ ಇನ್‌ಪುಟ್ ಕಾರ್ಡ್ ವೋಲ್ಟೇಜ್ ಮೋಡ್‌ನಲ್ಲಿದೆಯೇ ಖಚಿತಪಡಿಸಿಕೊಳ್ಳಿ. 4-20 ಮಿಲಿಆಂಪಿಯರ್ ಮೋಡ್‌ನಲ್ಲಿ ಉಳಿದಿದ್ದರೆ ಒಳಗೆ ಸುಮಾರು 250 ಓಮ್ ಲೋಡ್ ಇರುತ್ತದೆ. 10 ವೋಲ್ಟ್ ಕೊಡಲು 40 ಮಿಲಿಆಂಪಿಯರ್ ಬೇಕು, ಮಾನಿಟರ್ ಔಟ್‌ಪುಟ್‌ಗೆ ಅಷ್ಟು ತಾಕತ್ತು ಇರುವುದಿಲ್ಲ. ಇದರ ಗುರುತು ಹೀಗೆ: ಕಡಿಮೆ ಪವರ್‌ನಲ್ಲಿ ರೀಡಿಂಗ್ ಏರುತ್ತದೆ, ಒಂದು ಮಟ್ಟದ ಮೇಲೆ ಪವರ್ ಎಷ್ಟು ಏರಿಸಿದರೂ ಕದಲುವುದಿಲ್ಲ. ಮಾನಿಟರ್‌ಗಳ ಫಿಲ್ಟರ್ ಪಿಎಲ್‌ಸಿ ಕಡೆಯಲ್ಲಿರಲಿ, ಅಲ್ಲಿ ಇನ್‌ಪುಟ್ 100 ಕಿಲೋಓಮ್‌ಗಿಂತ ಹೆಚ್ಚಿದ್ದರೆ 1 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್ ಹಾಕಬಹುದು.

ಪ್ರೋಗ್ರಾಂನಲ್ಲಿ ಮಾನಿಟರ್ ಬರೀ ತೋರಿಸಲು ಅಲ್ಲ. ಆರ್‌ಎಫ್ ಆನ್ ಇಲ್ಲದಿರುವಾಗ ಫಾರ್ವರ್ಡ್ ಮಾನಿಟರ್‌ನಲ್ಲಿ ಗಮನಾರ್ಹ ವೋಲ್ಟೇಜ್ ಕಂಡರೆ ಅಲಾರಂ. ಸೆಟ್‌ಪಾಯಿಂಟ್ ಕೊಟ್ಟು ಕೆಲವು ಸೆಕೆಂಡಾದರೂ ಫಾರ್ವರ್ಡ್ ಸೊನ್ನೆಯಾಗಿದ್ದರೆ ನಿಲುಗಡೆ. ರಿಫ್ಲೆಕ್ಟೆಡ್ ಸತತ 5 ಸೆಕೆಂಡ್ ಸೆಟ್‌ಪಾಯಿಂಟ್‌ನ ಶೇಕಡಾ 20 ದಾಟಿದರೆ ನಿಲುಗಡೆ. ಶೇಕಡಾ 20 ಎನ್ನುವುದು ಆರಂಭಕ್ಕೆ, ನಿಮ್ಮ ಮ್ಯಾಚ್ ಹೊಂದಿಕೊಂಡ ಮೇಲೆ ಬಿಗಿಮಾಡಿ.

ಹಂತ 6: ಶೀಲ್ಡ್

ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಬೇಕು ಎಂಬ ಪಾಠ 50 ಹರ್ಟ್ಜ್ ಗುಂಯ್‌ಗುಡುವಿಕೆಗೆ ಸರಿ. 13.56 ಮೆಗಾಹರ್ಟ್ಜ್‌ನಲ್ಲಿ ಬಿಟ್ಟ ತುದಿ ಆಂಟೆನಾ. ಎರಡೂ ತುದಿಯಲ್ಲಿ ಶೀಲ್ಡನ್ನು ಲೋಹದ ಕವಚಕ್ಕೆ ಸುತ್ತಲೂ ಕಚ್ಚುವಂತೆ ಬಿಗಿಯಿರಿ; ಶೀಲ್ಡ್ ಎಳೆಗಳನ್ನು ಜಡೆ ಹೆಣೆದು ಒಂದು ಪಿನ್‌ಗೆ ಬೆಸೆಯುವುದು ಬೇಡ, ಆ ಐದು ಸೆಂಟಿಮೀಟರ್ ಜಡೆಯೇ ಶೀಲ್ಡ್‌ನ ಕೆಲಸ ಹಾಳುಮಾಡುತ್ತದೆ. ಎರಡೂ ಕಡೆ ಅರ್ತ್ ಮಾಡಿದ್ದರಿಂದ 50 ಹರ್ಟ್ಜ್ ತೊಂದರೆ ನಿಜವಾಗಿಯೂ ಕಂಡರೆ ಪಿಎಲ್‌ಸಿ ಕಡೆಯ ಜೋಡಣೆಯನ್ನು 10 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ಮಾಡಿ. ಫೆರೈಟ್ ಒಂದು ಜನರೇಟರ್ ತುದಿಗೆ, ಒಂದು ಪಿಎಲ್‌ಸಿ ತುದಿಗೆ. ಕಂಟ್ರೋಲ್ ಕೇಬಲನ್ನು ಆರ್‌ಎಫ್ ಔಟ್‌ಪುಟ್ ಕೇಬಲ್ ಜೊತೆ ಒಂದೇ ಟೈಗೆ ಕಟ್ಟಬೇಡಿ; ದಾಟಬೇಕಾದರೆ ಅಡ್ಡಡ್ಡ ದಾಟಲಿ.

ಹಂತ 7: ಪರೀಕ್ಷೆ

ಮೊದಲು ಮೇನ್ಸ್ ಇಲ್ಲದೆ ಕಂಟಿನ್ಯುಯಿಟಿ. ನಂತರ ಕಂಟ್ರೋಲ್ ಪವರ್ ಮಾತ್ರ ಕೊಟ್ಟು, ಆರ್‌ಎಫ್ ಇಲ್ಲದೆ: ಪಿಎಲ್‌ಸಿಯಿಂದ 0, 2.5, 5, 10 ವೋಲ್ಟ್ ಕೊಟ್ಟು ಬ್ರೇಕ್‌ಔಟ್ ಪೆಟ್ಟಿಗೆಯಲ್ಲಿ ಸೆಟ್‌ಪಾಯಿಂಟ್ ಪಿನ್ ಮತ್ತು ಅದರದೇ ರಿಟರ್ನ್ ನಡುವೆ ಅಳೆಯಿರಿ. ಸೊನ್ನೆ ಕೊಟ್ಟಾಗ 10 ಮಿಲಿವೋಲ್ಟ್‌ಗಿಂತ ಹೆಚ್ಚಿದ್ದರೆ ಮುಂದೆ ಹೋಗಬೇಡಿ, ರಿಟರ್ನ್ ಹುಡುಕಿ. ಇಂಟರ್‌ಲಾಕ್ ಸರಪಳಿಯ ಪ್ರತಿ ಸ್ವಿಚ್ಚನ್ನೂ ಒಂದೊಂದಾಗಿ ತೆರೆದು ಜನರೇಟರ್‌ನ ದೀಪ ನೋಡಿ. ಕೊನೆಗೆ ಕೇಬಲ್‌ನ ಪಿಎಲ್‌ಸಿ ತುದಿ ಬಿಚ್ಚಿ: ಸೆಟ್‌ಪಾಯಿಂಟ್ ಸೊನ್ನೆಗೆ ಬರಬೇಕು, ಆರ್‌ಎಫ್ ಆನ್ ಹೋಗಬೇಕು, ಇಂಟರ್‌ಲಾಕ್ ತೆರೆಯಬೇಕು.

ಇದಾದ ಮೇಲೆ ಡಮ್ಮಿ ಲೋಡ್. ಜೋಡಿಸುವ ಮುನ್ನ ಅದರ ಡಿಸಿ ರೆಸಿಸ್ಟೆನ್ಸ್ 50 ಓಮ್ ಸುತ್ತಮುತ್ತ ಇದೆಯೇ ಅಳೆಯಿರಿ, ನೀರಿನಿಂದ ತಂಪಾಗುವಂಥದಾದರೆ ನೀರು ಹರಿಸಿ. ಶೇಕಡಾ 10ರಿಂದ ಶುರುಮಾಡಿ 25, 50, 75, 100 ಎಂದು ಏರಿಸುತ್ತಾ ಕೇಳಿದ್ದು, ಪಿನ್‌ನ ವೋಲ್ಟೇಜ್, ಜನರೇಟರ್ ಡಿಸ್‌ಪ್ಲೇ, ಮಾನಿಟರ್, ವ್ಯಾಟ್‌ಮೀಟರ್ ಐದನ್ನೂ ಬರೆಯಿರಿ. ವ್ಯಾಟ್‌ಮೀಟರ್ ನಿಖರತೆ ಪೂರ್ಣ ಅಳತೆಯ ಶೇಕಡಾ ±5 ಎಂದಿದ್ದರೆ 1000 ವ್ಯಾಟ್ ಎಲಿಮೆಂಟ್‌ನಲ್ಲಿ (ಅಳತೆಯ ವ್ಯಾಪ್ತಿಗೆ ತಕ್ಕಂತೆ ಮೀಟರ್‌ಗೆ ಸಿಕ್ಕಿಸುವ ತುಂಡು) ತಪ್ಪು 50 ವ್ಯಾಟ್ ತನಕ ಹೋಗಬಹುದು. 100 ವ್ಯಾಟ್ ಅಳೆಯಲು ಅದು ಸಾಕ್ಷಿಯಾಗಲಾರದು, ಚಿಕ್ಕ ಎಲಿಮೆಂಟ್ ಹಾಕಿ. ಡಮ್ಮಿ ಲೋಡ್ ಮೇಲೆ ರಿಫ್ಲೆಕ್ಟೆಡ್ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಔಟ್‌ಪುಟ್ ಕೇಬಲ್‌ನ ಕನೆಕ್ಟರ್ ನೋಡಿ.

ತೊಂದರೆಗಳ ಜಾಡು

ಆರ್‌ಎಫ್ ಆನ್ ಆದೊಡನೆ ಪವರ್ ಸೆಟ್‌ಪಾಯಿಂಟ್‌ನಿಂದ ಜಾರುತ್ತದೆ, ಕೇಬಲ್ ಮೇಲೆ ಕೈಯಿಟ್ಟರೆ ರೀಡಿಂಗ್ ಬದಲಾಗುತ್ತದೆ: ಆರ್‌ಎಫ್ ಒಳನುಗ್ಗಿ ಇನ್‌ಪುಟ್ ಆಂಪ್ಲಿಫೈಯರ್‌ನಲ್ಲಿ ಡಿಸಿಯಾಗಿ ಬದಲಾಗುತ್ತಿದೆ. ಹಂತ 6ಕ್ಕೆ ಹಿಂದಿರುಗಿ, ಚೇಂಬರ್‌ನ ತಾಮ್ರದ ಪಟ್ಟಿಯ ಬೋಲ್ಟ್‌ಗಳನ್ನೂ ಬಿಗಿಮಾಡಿ. ಡಮ್ಮಿ ಲೋಡ್ ಮೇಲೆ ಸರಿಯಿದ್ದು ಪ್ಲಾಸ್ಮಾ ಮೇಲೆ ಮಾತ್ರ ಹೀಗಾದರೆ ಸೋರಿಕೆ ಮ್ಯಾಚ್‌ಬಾಕ್ಸ್ ಅಥವಾ ಚೇಂಬರ್ ಕಡೆಯಿಂದ.

ಎಲ್ಲ ಸಿಗ್ನಲ್ ಸರಿಯಿದ್ದೂ ಆರ್‌ಎಫ್ ಬರುವುದಿಲ್ಲ: ರಿಮೋಟ್ ಆಯ್ಕೆಯಾಗಿಲ್ಲ, ಅಥವಾ ಹಿಂದಿನ ಫಾಲ್ಟ್ ಹಿಡಿದುಕೊಂಡಿದೆ. ಹಲವು ಮಾದರಿಗಳಲ್ಲಿ ಇಂಟರ್‌ಲಾಕ್ ಬಿದ್ದು ಮುಚ್ಚಿದ ಮೇಲೆ ಆರ್‌ಎಫ್ ಆನ್ ಸಿಗ್ನಲನ್ನು ಒಮ್ಮೆ ತೆಗೆದು ಮತ್ತೆ ಕೊಡಬೇಕು.

ಮಳೆಗಾಲದಲ್ಲಿ ಮಾತ್ರ ವಿಚಿತ್ರ ಫಾಲ್ಟ್‌ಗಳು: ಚಿಲ್ಲರ್ ನೀರಿನ ಉಷ್ಣತೆ ನೋಡಿ. ಕೋಣೆ 25 ಡಿಗ್ರಿ, ತೇವಾಂಶ ಶೇಕಡಾ 80 ಇದ್ದರೆ ಸುಮಾರು 21 ಡಿಗ್ರಿಯಲ್ಲೇ ಇಬ್ಬನಿ ಕಟ್ಟುತ್ತದೆ. 18 ಡಿಗ್ರಿ ನೀರು ಹರಿಸಿದರೆ ಜನರೇಟರ್ ಒಳಗೆ ಬೆವರು. 23 ಅಥವಾ 24ಕ್ಕೆ ಏರಿಸಿ, ಜನರೇಟರ್ ಆಫ್ ಇರುವಾಗ ನೀರನ್ನೂ ನಿಲ್ಲಿಸಿ. ಬೋರ್‌ವೆಲ್ ನೀರನ್ನು ನೇರ ಹರಿಸುವ ಕಡೆ ಇನ್ನೊಂದು ತೊಂದರೆ: ಗಡಸು ನೀರಿನ ಬಿಳಿ ಪದರ ಫ್ಲೋ ಸ್ವಿಚ್‌ನ ರೆಕ್ಕೆಯನ್ನು “ನೀರಿದೆ” ಎಂಬ ಸ್ಥಿತಿಯಲ್ಲೇ ಅಂಟಿಸಿಬಿಡುತ್ತದೆ. ಆಗ ಇಂಟರ್‌ಲಾಕ್ ಸರಪಳಿ ಕಾಗದದ ಮೇಲೆ ಮಾತ್ರ ಇರುತ್ತದೆ. ಮುಚ್ಚಿದ ಸುತ್ತಿನ ಚಿಲ್ಲರ್ ಇಲ್ಲದವರು ತಿಂಗಳಿಗೊಮ್ಮೆ, ಆರ್‌ಎಫ್ ಆಫ್ ಮಾಡಿ, ನೀರಿನ ವಾಲ್ವ್ ಮುಚ್ಚಿ ಇಂಟರ್‌ಲಾಕ್ ದೀಪ ಆರುತ್ತದೆಯೇ ನೋಡಬೇಕು.